ಗಾಯಗೊಂಡ ಶ್ವಾಸಕೋಶದೊಡನೆ ೪೨ ವರುಷ: ಟ್ರೂಡೋ ವೈದ್ಯನ ಚರಿತ್ರೆ

ಕ್ಷಯರೋಗದ ಹೆಸರನ್ನು ಕೇಳದ ಹಳ್ಳಿಯು ನಮ್ಮ ಸೀಮೆಯಲ್ಲಿ ಇಲ್ಲವೆಂದೇ ಹೇಳಬಹುದು. ಈ ರೋಗಕ್ಕೆ ಈಗ ಒಳ್ಳೇ ಔಷಧಗಳುಂಟು. ಸಾಧಾರಣವಾದ ಕ್ಷಯಕ್ಕೆ ಆರು ತಿಂಗಳ ತನಕ ಅವುಗಳನ್ನು ತಪ್ಪದೆ ಸೇವಿಸಿದರೆ ಬಹುಮಂದಿಗೆ ರೋಗವು ವಾಸಿಯಾಗುವದು. ಆದರೆ ಔಷಧವು ಮುಗಿದ ಮೇಲೆಯೂ ಕೆಲವರು ದಿಣ್ಣೆಯನ್ನು ಹತ್ತುವಾಗ ಏದುಸಿರು ಬಿಡುವರು. ಮುಂಜಾನೆ ಎದ್ದು ಬಹಳ ಹೊತ್ತು ಕಫವನ್ನು ಕೆಮ್ಮುವರು. ಮೊದಲಿನಂತೆ ಹೊಲದಲ್ಲಿ ಗೇಯಲಾರರು. ಅಂಥವರನ್ನು ಕಂಡು ನೆರೆಯವರಲ್ಲಿ ಕೆಲವರು ರೋಗವು ಇನ್ನೂ ಅಂಟುವದೆಂದು ಹೆದರಿ ದೂರ ನಿಲ್ಲುವರು; ಬೇರೆ ಕೆಲವರು ರೋಗ ಹೋದರೂ ಸೋಮಾರಿತನ ಹೋಗಲಿಲ್ಲವೆಂದು ಹಾಸ್ಯಮಾಡುವರು. ಪರೀಕ್ಷೆಯಿಲ್ಲದೆ ಕೊಡುವ ಈ ಎರಡು ತೀರ್ಪುಗಳಿಂದಲೂ ಬಡ ರೋಗಿಗೆ ಅನ್ಯಾಯವಾಗುವದುಂಟು. ರೋಗಾಣುವನ್ನು ಕೊಲ್ಲುವದು ಒಂದು ಕೆಲಸ, ಅದು ಗಾಯಮಾಡಿ ಬಿಟ್ಟುಹೋದ ಶ್ವಾಸಕೋಶವನ್ನು ಕಾಪಾಡಿಕೊಂಡು ಬಾಳುವದು ಇನ್ನೊಂದು ಕೆಲಸ. ಈ ಎರಡನೆಯ ಕೆಲಸವನ್ನು ಔಷಧವೇ ಇಲ್ಲದ ಕಾಲದಲ್ಲಿ ೪೨ ವರುಷ ನಡಿಸಿದ ಒಬ್ಬ ವೈದ್ಯನ ಚರಿತ್ರೆಯನ್ನು ಈ ಸಾರಿ ನಮ್ಮ ವಾಚಕರ ಮುಂದೆ ಇಡುತ್ತೇವೆ.

ಎಡ್ವರ್ಡ್ ಲಿವಿಂಗ್‌ಸ್ಟನ್ ಟ್ರೂಡೋ ಎಂಬವನು ೧೮೪೮ನೇ ಇಸವಿ ಅಕ್ಟೋಬರ ೫ನೇ ತಾರೀಖಿನಲ್ಲಿ ಅಮೇರಿಕ ದೇಶದ ನ್ಯೂಯಾರ್ಕ್ ಪಟ್ಟಣದಲ್ಲಿ ಹುಟ್ಟಿದನು. ಆತನ ತಂದೆಯೂ ತಾಯಿಯ ತಂದೆಯೂ ವೈದ್ಯರೇ. ಆದರೆ ಆತನು ಎಳೆಯವನಾಗಿದ್ದಾಗಲೇ ತಂದೆತಾಯಿಗಳು ಒಬ್ಬರನ್ನೊಬ್ಬರು ಬಿಟ್ಟು ಬೇರೆಯಾದದರಿಂದ, ಆತನ ಬಾಲ್ಯವೆಲ್ಲಾ ಅಜ್ಜ ಅಜ್ಜಿಯರ ಸಂಗಡ ಫ್ರಾನ್ಸ್ ದೇಶದ ಪ್ಯಾರಿಸ್ ಪಟ್ಟಣದಲ್ಲಿ ಕಳೆಯಿತು. ಯೌವನಕ್ಕೆ ಬಂದಾಗ ತಿರಿಗಿ ನ್ಯೂಯಾರ್ಕಿಗೆ ಬಂದು, ಹಡಗುಪಡೆಯಲ್ಲಿ ಅಧಿಕಾರಿಯಾಗಬೇಕೆಂದು ಮನಸ್ಸುಮಾಡಿ, ಅದಕ್ಕೆ ತಕ್ಕ ವಿದ್ಯಾಭ್ಯಾಸಕ್ಕೆ ಸಿದ್ಧನಾದನು.

ಆಗ ಆತನ ಅಣ್ಣನಾದ ಫ್ರಾನ್ಸಿಸನಿಗೆ ಕ್ಷಯರೋಗ ಹಿಡಿಯಿತು. ಎಡ್ವರ್ಡನು ಹಡಗುಪಡೆಯ ಆಶೆಯನ್ನು ಬಿಟ್ಟು ಅಣ್ಣನ ಆರೈಕೆಗೆ ನಿಂತನು. ಹಗಲಿರುಳು ಆತನ ಬಳಿಯಲ್ಲಿಯೇ ಇದ್ದು, ಎತ್ತಿ ಕೂರಿಸಿ, ಉಣಿಸಿ, ರಾತ್ರಿಯಲ್ಲಿ ಅದೇ ಕೋಣೆಯಲ್ಲಿ ಮಲಗಿದನು. ಕ್ಷಯವು ಕೆಮ್ಮಿನ ಗಾಳಿಯಿಂದ ಒಬ್ಬರಿಂದೊಬ್ಬರಿಗೆ ಹರಡುವದೆಂಬದನ್ನು ಆ ಕಾಲದ ವೈದ್ಯರು ತಿಳಿದಿರಲಿಲ್ಲ. ತಂಪು ಗಾಳಿ ತಗಲಿದರೆ ಕೆಮ್ಮು ಹೆಚ್ಚುವದೆಂದು ಹೇಳಿ ಕಿಟಕಿಗಳನ್ನು ಮುಚ್ಚಿಯೇ ಇಡಿಸಿದರು. ೧೮೬೫ರ ಕೊನೆಯಲ್ಲಿ ಅಣ್ಣನು ತೀರಿಕೊಂಡನು. ಮುಚ್ಚಿದ ಕೋಣೆಯಲ್ಲಿ ತಿಂಗಳುಗಟ್ಟಲೆ ಉಸಿರಾಡಿದ ತಮ್ಮನಿಗೆ ಆ ಕೋಣೆಯಲ್ಲಿಯೇ ರೋಗಾಣು ತಗಲಿರಬೇಕೆಂದು ತೋರುತ್ತದೆ. ಅದು ಶರೀರದೊಳಗೆ ಅನೇಕ ವರುಷ ಸುಮ್ಮನಿದ್ದು ತರುವಾಯ ಏಳುವದುಂಟೆಂದು ಈಗ ನಾವು ಬಲ್ಲೆವು.

೧೮೬೮ರಲ್ಲಿ ಎಡ್ವರ್ಡನು ನ್ಯೂಯಾರ್ಕಿನ ವೈದ್ಯಶಾಲೆಯನ್ನು ಸೇರಿ, ೧೮೭೧ರಲ್ಲಿ ವೈದ್ಯನೆಂಬ ಪದವಿಯನ್ನು ಹೊಂದಿ, ಅದೇ ವರುಷ ಶಾರ್ಲಟ್ ಬೇರ್ ಎಂಬ ಕನ್ಯೆಯನ್ನು ಮದುವೆಯಾದನು. ಪಟ್ಟಣದಲ್ಲಿ ಕೆಲಸವೂ ಮನೆಯೂ ಮಗುವೂ ಇದ್ದು ಎಲ್ಲವೂ ನೆಟ್ಟಗಿರುವಂತೆ ಕಂಡಾಗ, ಆಗಾಗ್ಗೆ ಜ್ವರವೂ ದಣಿವೂ ಆತನನ್ನು ಹಿಡಿಯಹತ್ತಿದವು. ಊರಿನಲ್ಲಿ ಜ್ವರವು ಸಾಧಾರಣವೆಂದೆಣಿಸಿ ಕೆಲಸವನ್ನು ನಿಲ್ಲಿಸದೆ ಹೋದನು. ೧೮೭೩ರಲ್ಲಿ ಹಿರಿಯ ವೈದ್ಯನೊಬ್ಬನು ಎದೆಯನ್ನು ಪರೀಕ್ಷಿಸಿ, ಎಡಗಡೆಯ ಶ್ವಾಸಕೋಶದ ಮೇಲಣ ಭಾಗವನ್ನು ಕ್ಷಯವು ಆಗಲೇ ಬಹಳವಾಗಿ ಹಿಡಿದದೆ ಎಂದು ತಿಳಿಸಿದನು. ಆಗ ಆತನ ವಯಸ್ಸು ೨೪. ಆ ಕಾಲದಲ್ಲಿ ಈ ಮಾತು ಮರಣದ ತೀರ್ಪಿಗೆ ಸಮಾನವಾಗಿತ್ತು.

ಮೊದಲು ದಕ್ಷಿಣದ ಬೆಚ್ಚಗಿನ ಸೀಮೆಗೆ ಹೋದನು, ಪ್ರಯೋಜನವಾಗಲಿಲ್ಲ. ಆಗ ನ್ಯೂಯಾರ್ಕ್ ಸಂಸ್ಥಾನದ ಉತ್ತರದಲ್ಲಿರುವ ಅಡಿರಾಂಡಾಕ್ ಎಂಬ ಬೆಟ್ಟಗಾಡಿನಲ್ಲಿ ಸಾಯುವ ಮೊದಲು ಕೆಲವು ದಿನ ಸಂತೋಷವಾಗಿ ಕಳೆಯೋಣವೆಂದು ನೆನಸಿದನು. ಏಕೆಂದರೆ ಬೇಟೆಯೂ ಕಾಡೂ ಆತನಿಗೆ ಬಹು ಪ್ರಿಯವಾಗಿದ್ದವು. ಸ್ನೇಹಿತನೊಬ್ಬನು ಕರಕೊಂಡು ಹೋದನು. ದಾರಿಯು ಕೊನೆಯಲ್ಲಿ ಕುದುರೆಗಾಡಿಯಲ್ಲಿ ಬಹು ಕಷ್ಟವಾದದ್ದು. ಕಾಡಿನ ವಸತಿಗೃಹಕ್ಕೆ ಬಂದು ಮುಟ್ಟಿದಾಗ ಆತನು ನಿಲ್ಲಲಾರದೆ ಇದ್ದದರಿಂದ ಅಲ್ಲಿಯ ಬೇಟೆಗಾರನೊಬ್ಬನು ಮಗುವಿನಂತೆ ಎತ್ತಿಕೊಂಡು ಮೇಲಂತಸ್ತಿಗೆ ಒಯ್ದನು. ಮಾರನೆಯ ದಿನ ದೋಣಿಯಲ್ಲಿ ಮರದ ಎಳೇ ಕೊಂಬೆಗಳನ್ನು ಹಾಸಿ ಕಂಬಳಿ ಹೊದಿಸಿ ಆತನನ್ನು ಮಲಗಿಸಿ ಸರೋವರದ ಮೇಲೆ ತಿರುಗಾಡಿಸಿದರು. ಹೀಗೆ ಬಯಲಿನ ಗಾಳಿಯಲ್ಲಿಯೂ ಬಹುಮಟ್ಟಿಗೆ ವಿಶ್ರಾಂತಿಯಲ್ಲಿಯೂ ಬೇಸಿಗೆಯನ್ನು ಕಳೆಯುವಷ್ಟರಲ್ಲಿ ಜ್ವರವು ಇಳಿಯಿತು, ಹಸಿವು ಹುಟ್ಟಿತು, ಮೈತೂಕ ಹೆಚ್ಚಿತು.

ಗುಣವಾಯಿತೆಂದು ಎಲ್ಲರೂ ಹಿಗ್ಗಿದರು. ಆದರೆ ಕಾಡನ್ನು ಬಿಟ್ಟು ಬಂದ ಕೂಡಲೆ ಜ್ವರವೂ ಕೆಮ್ಮೂ ತಿರಿಗಿ ಬಂದವು. ಮರುವರುಷ ಮೊದಲಿಗಿಂತಲೂ ಕ್ಷೀಣನಾಗಿ ಅದೇ ಕಾಡಿಗೆ ಹೋದನು. ಬೇಸಿಗೆ ಮುಗಿದರೂ ಈ ಸಾರಿ ಹಿಂತಿರುಗದೆ, ೧೮೭೪ರ ಚಳಿಗಾಲವನ್ನು ಹೆಂಡತಿ ಮಕ್ಕಳೊಡನೆ ಅಲ್ಲಿಯೇ ಕಳೆದನು. ಹಿಮ ಬಿದ್ದು ದಾರಿಗಳೆಲ್ಲಾ ಮುಚ್ಚಿಹೋಗುವ ಆ ಸ್ಥಳದಲ್ಲಿ ರೋಗಿಯು ಚಳಿಗಾಲ ಬದುಕುವನೆಂದು ಯಾರೂ ನಂಬಿರಲಿಲ್ಲ. ಆತನು ಬದುಕಿದನು. ೧೮೭೬ರಲ್ಲಿ ಸಾರನಾಕ್ ಲೇಕ್ ಎಂಬ ಸಣ್ಣ ಹಳ್ಳಿಯಲ್ಲಿ ಮನೆಮಾಡಿ, ತನ್ನ ಬಲವಿದ್ದಷ್ಟು ಮಟ್ಟಿಗೆ ಕಾಡುಜನರಿಗೆ ಔಷಧ ಕೊಡುತ್ತಾ ಬಾಳಹತ್ತಿದನು.

ಆತನ ಎದೆಯೊಳಗೆ ನಡೆದದ್ದೇನೆಂದು ವಾಚಕರು ತಿಳಿಯಬೇಕು. ಶ್ವಾಸಕೋಶವು ಗಟ್ಟಿಯಾದ ಮಾಂಸವಲ್ಲ; ಲೆಕ್ಕವಿಲ್ಲದ ಸಣ್ಣ ಗಾಳಿಚೀಲಗಳಿಂದಲೂ ಅವುಗಳಿಗೆ ಗಾಳಿಯನ್ನು ಒಯ್ಯುವ ನಾಳಗಳಿಂದಲೂ ಆದದ್ದು. ಕ್ಷಯದ ರೋಗಾಣು ಅದರಲ್ಲಿ ಹುಣ್ಣುಮಾಡಿ ಕೆಲವು ಕಡೆಗಳಲ್ಲಿ ಪೊಟರೆಗಳನ್ನು ಕೊರೆಯುತ್ತದೆ. ಹುಣ್ಣು ಮಾಯುವಾಗ ಅಲ್ಲಿ ಗಡುಸಾದ ಕಲೆಯು ಉಂಟಾಗುವದು. ಸುಟ್ಟ ಕೈಯ ಚರ್ಮವು ಮಾಯ್ದ ಮೇಲೆ ಬಿಗಿದುಕೊಳ್ಳುವ ಹಾಗೆ ಶ್ವಾಸಕೋಶವೂ ಅಲ್ಲಿ ಬಿಗಿದುಕೊಂಡು ಗಾಳಿಯನ್ನು ತುಂಬಿಸಿಕೊಳ್ಳಲಾರದು. ಕಲೆಯು ಎಳೆಯುವದರಿಂದಲೂ ರೋಗವು ಗೋಡೆಯನ್ನು ಕೆಡಿಸುವದರಿಂದಲೂ ಕೆಲವು ನಾಳಗಳು ಅಗಲವಾಗಿ ಜೋತುಬಿದ್ದು, ಕಫವು ಮೇಲಕ್ಕೆ ಬಾರದೆ ಅಲ್ಲಿಯೇ ನಿಂತು ಕೊಳೆಯುವದು. ಬೇರೆ ಕೆಲವು ನಾಳಗಳು ಇಕ್ಕಟ್ಟಾಗಿ ಉಸಿರು ಸುಯ್ಯೆನ್ನುವದು. ಹಳೇ ಪೊಟರೆಯೊಳಗೆ ಬೂಷ್ಟು ಬೆಳೆದು ಉಂಡೆಯಾಗಿ, ಎಷ್ಟೋ ವರುಷಗಳ ಮೇಲೆ ರಕ್ತವನ್ನು ಕೆಮ್ಮಿಸುವದೂ ಉಂಟು. ಟ್ರೂಡೋ ವೈದ್ಯನಲ್ಲಿ ರೋಗಾಣುವೂ ಪೂರ್ತಿಯಾಗಿ ಸಾಯಲಿಲ್ಲ, ಏಕೆಂದರೆ ಅದನ್ನು ಕೊಲ್ಲುವ ಔಷಧವು ಆಗ ಇರಲಿಲ್ಲ. ಇಂದಿನ ರೋಗಿಯಲ್ಲಿ ಔಷಧದಿಂದ ರೋಗಾಣು ಸತ್ತರೂ ಕಲೆಯು ಉಳಿಯುವದು. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡು ಮುಂದಣ ಚರಿತ್ರೆಯನ್ನು ಓದಬೇಕು.

೧೮೮೨ನೇ ವರುಷದಲ್ಲಿ ಎರಡು ಸಂಗತಿಗಳು ಆತನ ಕೆಲಸದ ದಾರಿಯನ್ನು ನಿಶ್ಚಯಿಸಿದವು. ಜರ್ಮನಿಯಲ್ಲಿ ಬ್ರೇಮರ್ ಎಂಬ ವೈದ್ಯನು ಕ್ಷಯರೋಗಿಗಳನ್ನು ಬೆಟ್ಟದ ಆರೋಗ್ಯಧಾಮದಲ್ಲಿಟ್ಟು, ಶುದ್ಧ ಗಾಳಿ, ಒಳ್ಳೇ ಆಹಾರ, ವೈದ್ಯನ ಅಪ್ಪಣೆಯಂತೆ ವಿಶ್ರಾಂತಿ ಮತ್ತು ನಡೆದಾಟ ಇವುಗಳಿಂದ ಉಪಚರಿಸುತ್ತಾನೆಂಬ ವರ್ತಮಾನವನ್ನು ಓದಿದ್ದು ಮೊದಲನೆಯದು. ಅದೇ ವರುಷ ಮಾರ್ಚ್ ೨೪ರಂದು ಬರ್ಲಿನ್ ಪಟ್ಟಣದಲ್ಲಿ ರಾಬರ್ಟ್ ಕಾಖ್ ಎಂಬ ವೈದ್ಯನು ಕ್ಷಯವನ್ನು ಹುಟ್ಟಿಸುವ ರೋಗಾಣುವನ್ನು ಕಂಡುಹಿಡಿದೆನೆಂದು ಪ್ರಕಟಿಸಿದ್ದು ಎರಡನೆಯದು. ಟ್ರೂಡೋ ಜರ್ಮನ್ ಭಾಷೆಯನ್ನು ಓದಲಾರದೆ ಇದ್ದದರಿಂದ ಸ್ನೇಹಿತನೊಬ್ಬನು ಆ ಪ್ರಬಂಧವನ್ನು ಇಂಗ್ಲಿಷಿಗೆ ಬರೆಯಿಸಿ ಕ್ರಿಸ್ಮಸ್ಸಿನ ಕಾಣಿಕೆಯಾಗಿ ಕೊಟ್ಟನು. ಆಮೇಲೆ ಟ್ರೂಡೋ ನ್ಯೂಯಾರ್ಕಿಗೆ ಹೋಗಿ ಸೂಕ್ಷ್ಮದರ್ಶಕದಲ್ಲಿ ರೋಗಾಣುವನ್ನು ನೋಡುವ ವಿಧವನ್ನು ಕಲಿತುಬಂದು, ರೈಲುದಾರಿಯೂ ಇಲ್ಲದ ಆ ಹಳ್ಳಿಯ ತನ್ನ ಮನೆಯ ಸಣ್ಣ ಕೋಣೆಯಲ್ಲಿ, ತಾನೇ ಮಾಡಿಸಿದ ಪೆಟ್ಟಿಗೆಯನ್ನು ದೀಪದಿಂದ ಬೆಚ್ಚಗಿಟ್ಟು ಅದರಲ್ಲಿ ರೋಗಾಣುವನ್ನು ಬೆಳೆಸಿದನು. ಅಮೇರಿಕದಲ್ಲಿ ಈ ಕೆಲಸವನ್ನು ಮಾಡಿದ ಮೊದಲಿಗರಲ್ಲಿ ಆತನು ಒಬ್ಬನು.

ಆತನು ಮೊಲಗಳ ಮೇಲೆ ಮಾಡಿದ ಒಂದು ಪರೀಕ್ಷೆಯು ಪ್ರಸಿದ್ಧವಾಗಿದೆ. ಅದರ ಫಲವನ್ನು ೧೮೮೭ರಲ್ಲಿ ಪ್ರಕಟಿಸಿದನು. ಐದು ಮೊಲಗಳಿಗೆ ರೋಗಾಣುವನ್ನು ಚುಚ್ಚಿ ಒಂದು ಸಣ್ಣ ದ್ವೀಪದಲ್ಲಿ ಬಯಲಿಗೆ ಬಿಟ್ಟು ಹೊಟ್ಟೆ ತುಂಬ ತಿನ್ನಿಸಿದನು. ಅವುಗಳಲ್ಲಿ ನಾಲ್ಕು ಬದುಕಿದವು. ಇನ್ನೈದಕ್ಕೆ ಅದೇ ರೀತಿ ಚುಚ್ಚಿ ಕತ್ತಲೆಯ ತೇವದ ಗುಂಡಿಯಲ್ಲಿ ಅರೆಹೊಟ್ಟೆಯಲ್ಲಿಟ್ಟನು, ನಾಲ್ಕು ಸತ್ತವು. ಮತ್ತೈದನ್ನು ರೋಗಾಣು ಚುಚ್ಚದೆ ಅಂಥದೇ ಕೆಟ್ಟ ಸ್ಥಳದಲ್ಲಿಟ್ಟನು; ಅವು ಬಡಕಲಾದರೂ ಅವುಗಳಿಗೆ ಕ್ಷಯ ಬರಲಿಲ್ಲ. ರೋಗಾಣುವಿಲ್ಲದೆ ಕ್ಷಯವಿಲ್ಲ, ಆದರೆ ರೋಗಾಣು ಹೊಕ್ಕ ಮೇಲೆ ಶರೀರವು ಗೆಲ್ಲುವದೋ ಸೋಲುವದೋ ಎಂಬದರಲ್ಲಿ ಆಹಾರಕ್ಕೂ ವಾಸಸ್ಥಳಕ್ಕೂ ದೊಡ್ಡ ಪಾಲುಂಟೆಂದು ಇದರಿಂದ ತೋರಿಬಂತು.

ಕಾಡಿಗೆ ಬಂದು ಗುಣಹೊಂದುವ ಭಾಗ್ಯವು ಐಶ್ವರ್ಯವಂತರಿಗೆ ಮಾತ್ರ ದೊರೆಯುತ್ತಿತ್ತು. ಪಟ್ಟಣದ ಕಾರ್ಖಾನೆಗಳಲ್ಲಿ ದುಡಿಯುವ ಬಡವರು ಏನು ಮಾಡಬೇಕೆಂಬ ಚಿಂತೆಯು ಟ್ರೂಡೋವನ್ನು ಬಿಡಲಿಲ್ಲ. ಆತನು ಬೇಟೆಗೆ ಬರುವ ಧನಿಕರನ್ನು ಕಂಡು ಹಣ ಬೇಡಿದನು. ಬೇಟೆಗೆ ದಾರಿತೋರಿಸುವ ಆ ಊರಿನ ಬಡಜನರು ತಾವೇ ಹಣಕೂಡಿಸಿ ಸುಮಾರು ೧೬ ಎಕರೆ ಭೂಮಿಯನ್ನು ಕೊಂಡು ಆತನಿಗೆ ಕೊಟ್ಟರು. ೧೮೮೫ರ ಫೆಬ್ರುವರಿಯಲ್ಲಿ ಅಲ್ಲಿ ಒಂದೇ ಕೋಣೆಯೂ ಸಣ್ಣ ಜಗಲಿಯೂ ಇರುವ ಕೆಂಪು ಬಣ್ಣದ ಗುಡಿಸಲೊಂದು ಸಿದ್ಧವಾಯಿತು. ನ್ಯೂಯಾರ್ಕಿನ ಕಾರ್ಖಾನೆಯಲ್ಲಿ ಕೆಲಸಮಾಡುತ್ತಿದ್ದ ಅಕ್ಕತಂಗಿಯರಿಬ್ಬರು ಅದರಲ್ಲಿ ಮೊದಲನೆಯ ರೋಗಿಗಳಾಗಿ ಸೇರಿದರು. ರೋಗಿಯು ವಾರಕ್ಕೆ ೫ ಡಾಲರ್ ಕೊಟ್ಟರೆ ಸಾಕಾಗಿತ್ತು. ನಿಜವಾದ ಖರ್ಚು ಅದಕ್ಕಿಂತ ಹೆಚ್ಚು, ಮಿಕ್ಕದ್ದನ್ನು ಆತನು ವರುಷ ವರುಷವೂ ಬೇಡಿ ತಂದನು. ತಾನು ಸಂಬಳವನ್ನು ತೆಗೆದುಕೊಳ್ಳಲಿಲ್ಲ.

ಆ ಆರೋಗ್ಯಧಾಮದಲ್ಲಿ ರೋಗದ ಆರಂಭದಲ್ಲಿರುವವರನ್ನೇ ಹೆಚ್ಚಾಗಿ ಸೇರಿಸುತ್ತಿದ್ದರು. ಹುಣ್ಣು ಸಣ್ಣದಾಗಿರುವಾಗ ಮಾಯ್ದರೆ ಕಲೆಯೂ ಸಣ್ಣದಾಗಿರುವದು, ತಡಮಾಡಿದವನ ಎದೆಯಲ್ಲಿ ಬಹುಭಾಗವು ಕೆಟ್ಟುಹೋಗಿರುವದು. ಜ್ವರವಿರುವ ರೋಗಿಯು ಜಗಲಿಯ ಒರಗುಕುರ್ಚಿಯಲ್ಲಿ ಸುಮ್ಮನೆ ಇರಬೇಕು. ಜ್ವರ ಬಿಟ್ಟವನು ಮೊದಲು ಸ್ವಲ್ಪ ದೂರ, ಆಮೇಲೆ ಹೆಚ್ಚು ದೂರ, ಹೀಗೆ ಅಳತೆಗೆ ತಕ್ಕಂತೆ ನಡೆಯಬೇಕು. ಕಫವನ್ನು ಕಂಡಲ್ಲಿ ಉಗುಳದೆ ಪಾತ್ರೆಯಲ್ಲಿ ಉಗುಳಿ ಅದನ್ನು ನಾಶಮಾಡಬೇಕು. ಟ್ರೂಡೋ ತಾನೂ ಹಾಗೆಯೇ ನಡೆದನು. ಬಲವಿದ್ದ ದಿನ ರೋಗಿಗಳನ್ನು ನೋಡುವನು, ಪರೀಕ್ಷಾಶಾಲೆಯಲ್ಲಿ ಕೂರುವನು; ಜ್ವರ ಬಂದ ದಿನ ಹಾಸಿಗೆಯನ್ನು ಹಿಡಿಯುವನು. ತನ್ನ ಶರೀರದ ಮಿತಿಯನ್ನು ಒಪ್ಪಿಕೊಂಡು, ಆ ಮಿತಿಯೊಳಗೆ ಮಾಡಬಹುದಾದ ಕೆಲಸವನ್ನೆಲ್ಲಾ ಮಾಡುವದೇ ಆತನ ಪದ್ಧತಿಯಾಗಿತ್ತು.

ದುಃಖಗಳು ಆತನಿಗೆ ಕಡಿಮೆಯಾಗಿರಲಿಲ್ಲ. ಮಕ್ಕಳಲ್ಲಿ ಒಬ್ಬನು ಎಳೆಗೂಸಾಗಿರುವಾಗಲೇ ತೀರಿಕೊಂಡನು. ಪಟ್ಟಣದ ಶಾಲೆಗೆ ಹೋಗಿದ್ದ ಒಬ್ಬಳೇ ಮಗಳಾದ ಶಾರ್ಲಟಳಿಗೆ ಕ್ಷಯ ಹಿಡಿಯಿತು. ಸಾವಿರಾರು ಜನರ ರೋಗವನ್ನು ಪರೀಕ್ಷಿಸಿದ ತಂದೆಯು ತನ್ನ ಮಗಳನ್ನು ಉಳಿಸಲಾರದೆ ೧೮೯೩ರಲ್ಲಿ ಕಳಕೊಂಡನು. ಅದೇ ವರುಷದ ಕೊನೆಯಲ್ಲಿ ಆತನು ನ್ಯೂಯಾರ್ಕಿನಲ್ಲಿ ಕಾಯಿಲೆಯಿಂದ ಮಲಗಿದ್ದಾಗ ಮನೆಯೂ ಪರೀಕ್ಷಾಶಾಲೆಯೂ ಬೆಂಕಿಯಿಂದ ಸುಟ್ಟುಹೋದವೆಂಬ ತಂತಿ ಬಂತು. ಸ್ನೇಹಿತರು ಕೈಕೊಟ್ಟರು, ೧೮೯೪ರಲ್ಲಿ ಕಲ್ಲಿನ ಪರೀಕ್ಷಾಶಾಲೆಯು ಎದ್ದಿತು. ಹತ್ತು ವರುಷದ ಮೇಲೆ, ೧೯೦೪ರಲ್ಲಿ, ವೈದ್ಯನಾಗಿದ್ದ ಹಿರೇ ಮಗನು ತರುಣಪ್ರಾಯದಲ್ಲಿ ಸತ್ತನು. ಹೀಗಿದ್ದರೂ ಕ್ಷಯವನ್ನು ತಡೆಯುವದಕ್ಕಾಗಿ ಅಮೇರಿಕದಲ್ಲಿ ಅದೇ ವರುಷ ಹುಟ್ಟಿದ ರಾಷ್ಟ್ರೀಯ ಸಂಘಕ್ಕೆ ಆತನು ಮೊದಲನೆಯ ಅಧ್ಯಕ್ಷನಾದನು.

ಆತನ ಸತ್ಯಸಂಧತೆಯನ್ನೂ ಹೇಳಬೇಕು. ೧೮೯೦ರಲ್ಲಿ ಕಾಖನು ಟ್ಯೂಬರ್ಕ್ಯುಲಿನ್ ಎಂಬ ಔಷಧದಿಂದ ಕ್ಷಯವು ಗುಣವಾಗುವದೆಂದು ಸಾರಿದಾಗ ಲೋಕವೆಲ್ಲಾ ಉಬ್ಬಿತು. ಟ್ರೂಡೋವಿಗೆ ಅದು ಸತ್ಯವಾಗಬೇಕೆಂಬ ಆಶೆಯು ಯಾರಿಗಿಂತಲೂ ಹೆಚ್ಚಾಗಿದ್ದಿರಬೇಕು, ಏಕೆಂದರೆ ರೋಗವು ತನ್ನ ಎದೆಯಲ್ಲಿಯೂ ಮಗಳ ಎದೆಯಲ್ಲಿಯೂ ಇತ್ತು. ಆದರೂ ಪ್ರಾಣಿಗಳ ಮೇಲೆ ಪರೀಕ್ಷಿಸಿ ನೋಡಿ, ಅದರಿಂದ ರೋಗವು ವಾಸಿಯಾಗಲಿಲ್ಲವೆಂದು ಪ್ರಕಟಿಸಿದನು. ಇದೇ ಔಷಧವು ಆಮೇಲೆ ರೋಗಾಣು ತಗಲಿದೆಯೋ ಎಂದು ತಿಳಿಯುವ ಚರ್ಮಪರೀಕ್ಷೆಗೆ ಮಾತ್ರ ಉಪಯೋಗಕ್ಕೆ ಬಂತು.

ಕೊನೆಯ ವರುಷಗಳಲ್ಲಿ ಆತನ ಉಸಿರಿನ ಬಲವು ಬಹಳ ಕುಂದಿತು. ಹೆಚ್ಚಿನ ದಿನಗಳನ್ನು ಹಾಸಿಗೆಯಲ್ಲಿಯೋ ಒರಗುಕುರ್ಚಿಯಲ್ಲಿಯೋ ಕಳೆದನು. ಹಾಗಿದ್ದೇ ತನ್ನ ಜೀವನದ ಕಥೆಯನ್ನು ಬರೆದು ಮುಗಿಸಿದನು. ೧೯೧೫ರ ನವೆಂಬರ ೧೫ರಂದು, ೬೭ ವರುಷದವನಾಗಿ ಸಾರನಾಕ್ ಲೇಕಿನಲ್ಲಿ ತೀರಿಕೊಂಡನು. ಉಳಿದ ಮಗನಾದ ಫ್ರಾನ್ಸಿಸನೂ ವೈದ್ಯನಾಗಿ ತಂದೆಯ ಕೆಲಸವನ್ನು ಮುಂದುವರಿಸಿದನು.

ಆ ಆರೋಗ್ಯಧಾಮವು ೧೯೫೪ರಲ್ಲಿ ಮುಚ್ಚಿತು. ಅದು ಸೋಲಿನಿಂದಲ್ಲ, ೧೯೪೩ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್, ೧೯೫೨ರಲ್ಲಿ ಉಪಯೋಗಕ್ಕೆ ಬಂದ ಐಸೋನಯಜಿಡ್ ಮೊದಲಾದ ಔಷಧಗಳು ರೋಗಾಣುವನ್ನೇ ಕೊಂದದರಿಂದ. ೧೯೫೬ರಲ್ಲಿ ಮದ್ರಾಸ್ ಪಟ್ಟಣದಲ್ಲಿ ಆರಂಭಿಸಿದ ಒಂದು ಪರಿಶೋಧನೆಯಲ್ಲಿ, ಇಕ್ಕಟ್ಟಾದ ಮನೆಯಲ್ಲಿ ಬಡ ಊಟ ಉಣ್ಣುತ್ತಾ ಔಷಧ ತೆಗೆದುಕೊಂಡವರೂ ಆರೋಗ್ಯಧಾಮದಲ್ಲಿದ್ದು ತೆಗೆದುಕೊಂಡವರೂ ಹೆಚ್ಚುಕಡಿಮೆ ಸಮಾನವಾಗಿ ಗುಣಹೊಂದಿದರೆಂದು ಕಂಡಿತು. ಆದದರಿಂದ ಬೆಟ್ಟದ ಗಾಳಿಯನ್ನು ನಂಬಿ ಮಾತ್ರೆಯನ್ನು ಬಿಡಬಾರದು. ಮಾತ್ರೆಯನ್ನು ನಡುವೆ ನಿಲ್ಲಿಸುವವನು ರೋಗವನ್ನೂ ಕಲೆಯನ್ನೂ ಬೆಳೆಸಿಕೊಳ್ಳುವನು. ಆದರೆ ಆರೋಗ್ಯಧಾಮದ ಬಾಗಿಲು ಮುಚ್ಚಿದ ಮೇಲೆ, ಗಾಯಗೊಂಡ ಶ್ವಾಸಕೋಶವನ್ನು ನೋಡಿಕೊಳ್ಳುವ ಶಿಸ್ತು ಕೂಡ ಬಹುಕಾಲ ಮರೆತುಹೋಯಿತು. ಔಷಧವು ಮುಗಿದ ದಿನವೇ ರೋಗಿಯ ಕಥೆಯೂ ಮುಗಿಯಿತೆಂದು ಎಣಿಸಿದರು. ಈಚಿನ ವರುಷಗಳಲ್ಲಿಯೇ ವೈದ್ಯರು ಇದನ್ನು ತಿರಿಗಿ ವಿಚಾರಿಸಹತ್ತಿದ್ದಾರೆ. ೨೦೧೯ರಲ್ಲಿ ದಕ್ಷಿಣ ಆಫ್ರಿಕದ ಸ್ಟೆಲೆನ್‌ಬಾಷ್ ಊರಿನಲ್ಲಿ ಕ್ಷಯದ ನಂತರದ ತೊಂದರೆಗಳ ವಿಷಯವಾಗಿಯೇ ಅನೇಕ ದೇಶಗಳವರು ಸಭೆ ಕೂಡಿದರು.

ಈಗ ನಾವು ತಿಳಿದಿರಬೇಕಾದವುಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮಿದ್ದರೆ ಕಫವನ್ನು ಪರೀಕ್ಷೆಮಾಡಿಸಬೇಕು. ಬೇಗ ಕಂಡ ರೋಗವು ಕಡಿಮೆ ಕಲೆಯನ್ನು ಬಿಡುವದು. ಔಷಧವು ಮುಗಿದ ಮೇಲೆ ದಮ್ಮು ಅಥವಾ ಕೆಮ್ಮು ಉಳಿದರೆ ವೈದ್ಯರಿಗೆ ತಿಳಿಸಿ, ಎದೆಯ ಎಕ್ಸ್‌ರೇಯನ್ನೂ, ಕೊಳವೆಯಲ್ಲಿ ಊದಿ ಶ್ವಾಸದ ಬಲವನ್ನು ಅಳೆಯುವ ಪರೀಕ್ಷೆಯನ್ನೂ ಮಾಡಿಸಬೇಕು. ನಾಳಗಳು ಇಕ್ಕಟ್ಟಾದವರಿಗೆ ಒಳಕ್ಕೆ ಎಳೆದುಕೊಳ್ಳುವ ಔಷಧವು ಸಹಾಯವಾಗಬಹುದು. ಹಳೇ ರೋಗಿಗೆ ಕೆಮ್ಮು ಹೆಚ್ಚಿದ ಕೂಡಲೆ ಕ್ಷಯವೇ ಮರಳಿತೆಂದು ಊಹಿಸಿ ಮಾತ್ರೆ ನುಂಗಬಾರದು, ಕ್ಷಯವಲ್ಲವೆಂದು ಸುಮ್ಮನಿರಲೂಬಾರದು, ಕಫದ ಪರೀಕ್ಷೆಯೇ ಅದನ್ನು ತೀರ್ಮಾನಿಸಬೇಕು. ರಕ್ತವನ್ನು ಕೆಮ್ಮಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬೀಡಿ, ಸಿಗರೇಟುಗಳನ್ನು ಪೂರ್ಣವಾಗಿ ಬಿಡಬೇಕು. ಅರ್ಧ ಕೆಟ್ಟ ಶ್ವಾಸಕೋಶದಲ್ಲಿ ಉಳಿದರ್ಧವನ್ನು ಕೆಡಿಸುವದು ಹೊಗೆಯೇ. ಸೌದೆಯ ಒಲೆಯ ಹೊಗೆಯೂ ಹಾನಿಯಾದದ್ದು. ಸಾಧ್ಯವಿದ್ದರೆ ಗ್ಯಾಸಿನ ಒಲೆಯನ್ನು ಉಪಯೋಗಿಸಬೇಕು, ಇಲ್ಲವಾದರೆ ಹೊಗೆ ಹೊರಗೆ ಹೋಗುವ ದಾರಿಯನ್ನಾದರೂ ಮಾಡಬೇಕು. ಕಲ್ಲು ಒಡೆಯುವ ಧೂಳು, ಕಾಳು ತೂರುವ ಧೂಳು ಇವುಗಳಿಂದ ದೂರವಿರಬೇಕು. ಕಫವು ಹೆಚ್ಚಾಗಿರುವವರು ಅದನ್ನು ಹೊರಗೆ ತರುವ ಉಸಿರಾಟದ ಕ್ರಮಗಳನ್ನು ಆಸ್ಪತ್ರೆಯಲ್ಲಿ ಕಲಿತು ದಿನಾಲು ಮಾಡಬೇಕು. ಸದಾ ಮಲಗಿರುವದು ಒಳ್ಳೇದಲ್ಲ. ಜ್ವರವಿಲ್ಲದವನು ದಿನಾಲು ನಡೆದು, ವಾರವಾರಕ್ಕೆ ಸ್ವಲ್ಪ ಹೆಚ್ಚಿಸುತ್ತಾ ಬಂದರೆ ಕಲೆಯು ಹೋಗದಿದ್ದರೂ ಕಾಲಿನ ಬಲವೂ ಉಸಿರಿನ ತಾಳ್ಮೆಯೂ ಹೆಚ್ಚುವವು. ಬೇಳೆ, ಮೊಟ್ಟೆ, ಹಾಲು, ಮೀನು ಇವುಗಳಲ್ಲಿ ದೊರೆತದ್ದನ್ನು ಉಣ್ಣಬೇಕು. ಇನ್‌ಫ್ಲುಯೆಂಜ, ನ್ಯುಮೋನಿಯ ಇವುಗಳನ್ನು ತಡೆಯುವ ಲಸಿಕೆಗಳ ವಿಷಯವಾಗಿ ವೈದ್ಯರನ್ನು ಕೇಳಬೇಕು.

ಮನೆಯವರಿಗೂ ನೆರೆಯವರಿಗೂ ಒಂದು ಮಾತು. ಔಷಧವನ್ನು ಪೂರ್ತಿಮಾಡಿ, ಕಫದಲ್ಲಿ ರೋಗಾಣುವಿಲ್ಲವೆಂದು ಪರೀಕ್ಷೆಯಲ್ಲಿ ಕಂಡವನು ಏದುಸಿರು ಬಿಟ್ಟರೂ ಆತನಿಂದ ಯಾರಿಗೂ ಕ್ಷಯ ತಗಲದು. ಆತನ ಬಟ್ಟಲನ್ನು ಬೇರೆಯಿಡುವದಕ್ಕೆ ಯಾವ ಕಾರಣವೂ ಇಲ್ಲ. ಆತನು ನಿಧಾನವಾಗಿ ಕೆಲಸಮಾಡುವದು ಮೈಗಳ್ಳತನದಿಂದಲ್ಲ. ಇತರರು ಎರಡು ಶ್ವಾಸಕೋಶದಿಂದ ಮಾಡುವ ಕೆಲಸವನ್ನು ಆತನು ಒಂದೂವರೆಯಿಂದಲೋ ಒಂದರಿಂದಲೋ ಮಾಡುತ್ತಿದ್ದಾನೆ. ಅಂಥವನಿಗೆ ಹೊರೆ ಹೊರುವ ಕೆಲಸಕ್ಕೆ ಬದಲಾಗಿ ಕೂತು ಮಾಡುವ ಕೆಲಸವನ್ನು ಕೊಟ್ಟು, ನಡುನಡುವೆ ದಣಿವಾರಿಸಿಕೊಳ್ಳಲು ಬಿಟ್ಟರೆ, ಮನೆಗೂ ಊರಿಗೂ ಬಹುಕಾಲ ಉಪಯುಕ್ತನಾಗಿರುವನು. ಸಾರನಾಕ್ ಲೇಕಿನ ಜನರು ಜ್ವರದಿಂದ ಮಲಗುತ್ತಾ ಏಳುತ್ತಾ ಇದ್ದ ತಮ್ಮ ವೈದ್ಯನನ್ನು ನಿರುಪಯೋಗಿಯೆಂದು ತಳ್ಳಿಬಿಡಲಿಲ್ಲ. ಕೈಯಿಂದ ಭೂಮಿ ಕೊಟ್ಟು ನಿಲ್ಲಿಸಿದರು. ಆತನ ಉಸಿರು ಕಡಿಮೆಯಾಗಿದ್ದರೂ ಅದು ಸಾವಿರಾರು ಜನರ ಉಸಿರಿಗೆ ಆಧಾರವಾಯಿತು.